ಯಾರ ಮನೆಯ ಕೃಷ್ಣ

ಸೋಮವಾರ, ಬೆಳಿಗ್ಗೆ
...ಹಾಂ, ರೆಕಾರ್ಡ್ ಆಗ್ತಿದೆ. ಅಂಗಡಿ ಶಟರ್ ಎತ್ತಿದೆ. ಕನ್ನಡಕದ ಗ್ಲಾಸು ಉಜ್ಜೋ ಮೆಷಿನ್ ಇನ್ನೂ ಹಾಕಿಲ್ಲ, ಹಾಕಿದ್ರೆ ನನ್ನ ಮಾತು ನನಗೇ ಕೇಳಲ್ಲ. ಅಮ್ಮನ ಅಂಬೆಗಾಲು ಕೃಷ್ಣ ಇವತ್ತು ವಾಪಸ್ ಬರ್ತಾನೆ. ಅವಳು ಮದುವೆಯಾಗಿ ಬಂದಾಗಿಂದ ದಿನಾ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ಹಿತ್ತಾಳೆ ಸವೆದು ಮೂಗೇ ಇರಲಿಲ್ಲ ಅವನಿಗೆ. ಕಣ್ಣೂ ಇಲ್ಲ. ಅಮ್ಮನಿಗೂ ಈಗ ಕಣ್ಣು ಕಾಣಲ್ಲ. ಊರಿಗೆಲ್ಲ ಕಣ್ಣು ಕೊಡೋನು ನಾನು, ಅವಳಿಗೆ ಕೊಡೋಕಾಗಲಿಲ್ಲ. ಅವಳ ದೇವರಿಗಾದ್ರೂ ಕೊಡೋಣ ಅಂತ ಎರಕದವನಿಗೆ ಕೊಟ್ಟೆ. ಕರಗಿಸಿ, ಅದೇ ಹಿತ್ತಾಳೇಲಿ ಹೊಸದು. ಅಮ್ಮನಿಗೆ ‘ಪಾಲಿಶ್’ ಅಂದಿದೀನಿ. ಅವನಿಗೆ ಉಣಿಸದೆ ಉಣ್ಣೋಳಲ್ಲ. ಅವನು ಹೋದಾಗಿಂದ ಬರೀ ಹಾಲಲ್ಲಿದಾಳೆ.

ಸಂಜೆ
ಕೃಷ್ಣನ್ನ ಅಮ್ಮನ ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಮುಖ ಸವರಿದಳು. ಕೈ ನಿಂತ್ಬಿಡ್ತು.
“ಇದು ಯಾರ ಮನೇದೋ?”
“ನಿಂದೇ ಅಮ್ಮ. ಕಣ್ಣು, ಮೂಗು...”
“ನನ್ನ ಮಗು ಮುಖ ನನಗೆ ಗೊತ್ತಿಲ್ವೇನೋ?”
ಕರಗಿಸಿದೆ ಅಂತ ಹೇಳಲಿಲ್ಲ. “ಪಾಲಿಶ್ ಅಂಗಡೀಲಿ ಅದಲು ಬದಲಾಗಿರ್ಬೇಕು, ವಿಚಾರಿಸ್ತೀನಿ” ಅಂದ್ಬಿಟ್ಟೆ.
“ಮಹಾ ಬುದ್ಧಿವಂತ್ರು!” ಅಂದ್ಲು ನನ್ನ ಹೆಂಡತಿ ಅಡುಗೆಮನೆಯಿಂದ. “ಈಗ ಹುಡುಕ್ಕೊಂಡು ಬನ್ನಿ.”

ಬುಧವಾರ
ಇವತ್ತೂ ಹಾಲೇ. ದೇವಸ್ಥಾನದ ಭಟ್ಟರಿಗೆ ನಡೆದದ್ದೆಲ್ಲ ಹೇಳಿ, ಏನ್ಮಾಡ್ಲಿ ಅಂತ ಕೇಳ್ದೆ.
“ದೇವರೇನು ಹಿತ್ತಾಳೇಲಿ ಸಿಕ್ಕಾಕ್ಕೊಂಡಿರ್ತಾನೇನಪ್ಪ? ಕರೆದ ಕಡೆ ಬರ್ತಾನೆ. ಅಮ್ಮ ಕರೀಲಿ.”
“ಅವಳು ಕರೀತಿರೋದು ಹಳಬನ್ನ, ಭಟ್ರೇ.”


ಗುರುವಾರ, ಅಂಗಡಿ
ಬೆಳಿಗ್ಗೆ ಡಾಕ್ಟರ್ ಮನೆಗೆ ಬಂದು ಅಮ್ಮನ್ನ ನೋಡಿದ್ರು. ಈ ವಯಸ್ಸಲ್ಲಿ ಹೀಗೇ ಬಿಟ್ರೆ ಕಷ್ಟ ಅಂದ್ರು. ಒಂದು ಯೋಚನೆ ಬಂತು — ಹೊಸಬನ ಮೂಗನ್ನ ನಾನೇ ಸವೆಸಿದ್ರೆ? ಅವನನ್ನ ಇಲ್ಲಿಗೆ ತಂದು ಮೆಷಿನ್ ಹಾಕಿದೆ. ಹತ್ರ ಹಿಡಿದೆ. ನೋಡ್ತಾ ಇದಾನೆ! ಕಣ್ಣು ಬರೆಸಿದೋನು ನಾನೇ ತಾನೆ... ದಿನಾ ಗ್ಲಾಸು ಉಜ್ಜೋ ಕೈ, ಬರಲಿಲ್ಲ. ಮೆಷಿನ್ ಆಫ್ ಮಾಡ್ದೆ.

ಶನಿವಾರ, ಬೆಳಿಗ್ಗೆ
ಇವತ್ತು ಅಮ್ಮ ತಾನೇ ಹೊಸಬನಿಗೆ ಸ್ನಾನ ಮಾಡಿಸಿದಳು. ಅನ್ನ ಕಲಸಿ ಬಾಯಿಗೆ ಹಿಡಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಹೋದ ಜೀವ ಬಂದಹಾಗಾಯ್ತು. ಇವಳು ಓಡಿಹೋಗಿ ತಟ್ಟೆ ತಂದ್ಲು. ಅಮ್ಮ ತಟ್ಟೆ ಸರಿಸಿದಳು.
“ನನಗೆ ಬೇಡಮ್ಮ. ಯಾರ ಮನೆ ಮಗೂನೋ, ಹಸಿದಿರುತ್ತೆ ಅಂತ ಕೊಟ್ಟೆ.” ಟವೆಲಲ್ಲಿ ಅವನನ್ನ ಬೆಚ್ಚಗೆ ಸುತ್ತಿ ನನ್ನ ಕೈಗಿಟ್ಟಳು. “ಅವರ ಮನೇಲೂ ಒಬ್ಬಳು ಊಟ ಬಿಟ್ಟು ಕೂತಿರ್ತಾಳೆ ಕಣೋ. ಬೇಗ ಕೊಟ್ಟು, ನಮ್ಮವನ್ನ ಕರ್ಕೊಂಡು ಬಾ. ನಾನು ಕಾಯ್ತಿರ್ತೀನಿ.”

ಈಗ ಬಸ್ ಸ್ಟಾಪಲ್ಲಿದೀನಿ. ಎರಡು ಬಸ್ಸು ಹೋದ್ವು. ಟವೆಲ್ ಇನ್ನೂ ಒದ್ದೆ, ಕೈಯೆಲ್ಲ ತಣ್ಣಗೆ... ಯಾರ ಮನೆ ಅಂತ ಹೋಗ್ಲಿ...