ಕೂಸಿನ ಸಾಕ್ಷಿ

ಭಾನುವಾರ, ಮಾರ್ಚ್ ೯

ಪ್ರೀತಿಯ ಪಂಡಿತಮ್ಮ,

ಹೇಗಿದ್ದೀಯೆ? ಮಂಡಿನೋವು ಇಳಿಯಿತಾ? ನಿನ್ನ ಕಾಗದ ಬಂದು ತಿಂಗಳಾಯಿತು, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಬರೀ ಬೈಗುಳವೇ ಬರುತ್ತಿತ್ತು. ಹರಿದು ಹಾಕಿ, ಎದ್ದು ಹೋಗಿ ಪಾತ್ರೆ ಉಜ್ಜುತ್ತಿದ್ದೆ. ನಮ್ಮ ಮನೆಯ ಪಾತ್ರೆಗಳು ಯಾವತ್ತೂ ಇಷ್ಟು ಹೊಳೆದಿರಲಿಲ್ಲ ಬಿಡು.

ನಿನ್ನ ಭಾವ ಆರಾಮಾಗಿದ್ದಾರೆ. ನಿವೃತ್ತರಾದ ಮೇಲೆ ಗೋಡೆ ಗಡಿಯಾರ ಬಿಚ್ಚಿ ಜೋಡಿಸುವುದೇ ಕೆಲಸ. ಪ್ರತಿ ಸಲವೂ ಒಂದು ಸ್ಕ್ರೂ ಮಿಗುತ್ತದೆ. ಕೇಳಿದರೆ, "ಓಡ್ತಾ ಇದೆಯಲ್ಲ, ನಿಂಗೇನು ಕಷ್ಟ?" ಅನ್ನುತ್ತಾರೆ.

ಸಂಕಟ ಇರುವುದು ನನ್ನ ಮಗಳು ಗುಂಡಮ್ಮನದು. ಹೆಸರಿಗೆ ಗುಂಡಮ್ಮ, ಈಗ ಕಡ್ಡಿಯಾಗಿದ್ದಾಳೆ. ಶಿಶುವಿಹಾರದ ಟೀಚರ್ ತರಬೇತಿಗೆ ಸೇರಿದ್ದು ನಿನಗೆ ಗೊತ್ತೇ ಇದೆ. "ಚಿಕ್ಕಮ್ಮನ ಥರ ನಾನೂ ಮಕ್ಕಳ ಬಗ್ಗೆ ಓದ್ತೀನಿ" ಅಂತ ಕುಣಿದುಕೊಂಡು ಹೋದವಳು. ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯ ಹೇಗೆ ಬೆಳೆಯುತ್ತಾನೆ ಅನ್ನುವ ಪಾಠವಂತೆ. ಕತ್ತು ನಿಲ್ಲುವುದು, ಅಂಬೆಗಾಲು, ತೊದಲು ಮಾತು ಎಲ್ಲ ಮುಗಿದ ಮೇಲೆ ಮೇಡಂ ಒಂದು ಹಳೇ ವಿಡಿಯೊ ತೋರಿಸಿದರಂತೆ. ಅದರಲ್ಲಿ ಹನ್ನೊಂದು ತಿಂಗಳ ಮಗು. ಹಳದಿ ಫ್ರಾಕು, ಎದೆಯ ಮೇಲೊಂದು ಬಾತುಕೋಳಿ. ಆ ಬಾತುಕೋಳಿಗೆ ಕಣ್ಣು ಹೊಲಿಯುವುದನ್ನೇ ನಾನು ಮರೆತಿದ್ದೆ, ನೀವೆಲ್ಲ ನಕ್ಕಿದ್ದಿರಿ. ಆಲ್ಬಮ್ಮಿನಲ್ಲಿ ಆ ಫ್ರಾಕು ನೋಡಿದವಳಿಗೆ ತನ್ನ ಗುರುತು ಸಿಗದೆ ಇರುತ್ತದೆಯೇ?

ಅವಳು ಫೋನಿನಲ್ಲಿ ತಂದು ನನಗೂ ತೋರಿಸಿದಳು. ತಾಯಿ ಎದ್ದು ಹೊರಗೆ ಹೋಗುತ್ತಾಳೆ. ಮಗು ಅಳುತ್ತದೆ. ಒಬ್ಬ ಹೆಂಗಸು ಬಂದು ಎತ್ತಿಕೊಳ್ಳುತ್ತಾಳೆ, ಅಳು ನಿಲ್ಲುತ್ತದೆ. ತಾಯಿ, ಅಂದರೆ ನಾನು, ವಾಪಸು ಬಂದು ಕೈ ಚಾಚುತ್ತೇನೆ. ಮಗು ಮುಖ ತಿರುಗಿಸಿ ಆ ಹೆಂಗಸಿನ ಕುತ್ತಿಗೆಗೆ ಜೋತು ಬೀಳುತ್ತದೆ. ಆಗ ಒಂದು ಗಂಡಸಿನ ದನಿ ಹೇಳುತ್ತದೆ: "ಈ ಮಗುವಿಗೆ ತಾಯಿಗಿಂತ ಅಪರಿಚಿತ ಹೆಂಗಸೇ ಹತ್ತಿರ. ತಾಯಿಯೊಡನೆ ಬಾಂಧವ್ಯ ಬೆಳೆದಿಲ್ಲ. ಇಂಥ ಮಕ್ಕಳು ದೊಡ್ಡವರಾದ ಮೇಲೂ ಯಾರನ್ನೂ ನಂಬಲಾರರು." ಕೊನೆಗೆ ದೊಡ್ಡ ಅಕ್ಷರದಲ್ಲಿ, ಸಂಶೋಧನೆ ಮಾಡಿದವರು ಅಂತ ನಿನ್ನ ಹೆಸರು.

"ಪಾಪ, ಎಂಥ ಅಮ್ಮನೋ!" ಅಂದಳಂತೆ ಪಕ್ಕದಲ್ಲಿ ಕೂತ ಹುಡುಗಿ.

"ನೆನಪಿಗೆ ಇರ್ಲಿ ಅಂತ ಒಂದು ವಿಡಿಯೊ ಮಾಡೋಣ ಅಕ್ಕಾ, ಒಂಚೂರು ಹೊರಗೆ ಹೋಗಿ ಬಾ" ಅಂದವಳು ನೀನು. ಆಮೇಲೆ ಕ್ಯಾಸೆಟ್ ಹಾಳಾಯಿತು ಅಂದೆ. ಅಯ್ಯೋ, ನಾನೇ ನಿನಗೆ ಸಮಾಧಾನ ಹೇಳಿದ್ದೆನಲ್ಲೇ! ನಮ್ಮ ಮನೆಯಲ್ಲೇ ಇದ್ದುಕೊಂಡು ಓದಿದೆ. ನಾನು ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಿಸಿ ಬ್ರೆಡ್ ತಂದರೆ ಮೊದಲ ತುಂಡು ನಿನಗೇ. ಉಂಡ ಮನೆಯ ಗಳ ಎಣಿಸುವುದು ಅಂದರೆ ಇದೇ ತಾನೇ? ಹೊರಗಿನವರು ಮಾಡಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ನೀನು ಮಾಡಿದೆಯಲ್ಲ, ಅದು ಅರಗುತ್ತಿಲ್ಲ.

ನನ್ನ ವಿಷಯ ಹಾಳಾಗಲಿ. ಆ ಹುಡುಗಿ ಮದುವೆ ಮುಂದಕ್ಕೆ ಹಾಕಿದ್ದಾಳೆ ಕಣೇ. ಹುಡುಗ ಬಂಗಾರದಂಥವನು, ಎರಡು ಸಲ ಮನೆಗೆ ಬಂದು ಗೋಗರೆದು ಹೋದ. ಇವಳದು ಒಂದೇ ಮಾತು: "ನಂಗೆ ಯಾರನ್ನೂ ಹಚ್ಕೊಳ್ಳೋಕೆ ಬರಲ್ವಂತೆ ಅಮ್ಮ. ನಾಳೆ ನನ್ನ ಮಗೂಗೂ ಹಿಂಗೇ ಆದ್ರೆ?" ನನಗೆ ರೇಗಿಹೋಯಿತು. "ಹದಿಮೂರರಲ್ಲಿ ನನ್ನ ಮುಖಕ್ಕೆ ಬಾಗಿಲು ಬಡಿದೋಳು, ಹದಿನೆಂಟರಲ್ಲಿ ಪರೀಕ್ಷೆ ಹೋಯ್ತು ಅಂತ ನನ್ನ ತೊಡೆ ಮೇಲೇ ಬಿದ್ದು ಅತ್ತೆಯಲ್ಲ, ಆಗ ಯಾರಾದ್ರೂ ವಿಡಿಯೊ ಮಾಡಿದ್ರಾ?" ಅಂದೆ. ಅವಳು ನಗಲೂ ಇಲ್ಲ, ಜಗಳ ಆಡಲೂ ಇಲ್ಲ. "ಚಿಕ್ಕಮ್ಮ ಓದಿದವರು, ಸುಮ್ ಸುಮ್ನೆ ಹೇಳ್ತಾರಾ?" ಅಂದಳು.

ಅದಕ್ಕೇ ಈ ಕಾಗದ. ಫೋನು ಗೀನು ಬೇಡ. ನೀನೇ ಬಂದು, ಅವಳ ಎದುರು ಕೂತು, ಅವತ್ತು ನಡೆದದ್ದು ಏನು ಅಂತ ಬಾಯಿಬಿಟ್ಟು ಹೇಳು. ನಾನು ಹೇಳಲಾರೆ.

ಎಷ್ಟಾದರೂ ಬೆನ್ನಿಗೆ ಬಿದ್ದ ತಂಗಿ, ಶಾಪ ಹಾಕಲು ನಾಲಿಗೆ ಏಳುವುದಿಲ್ಲ. ಚೆನ್ನಾಗಿರು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ನಿನ್ನ
ಅಕ್ಕ

ತಾ.ಕ.: ವಿಡಿಯೊದಲ್ಲಿ ಆ "ಅಪರಿಚಿತ ಹೆಂಗಸಿನ" ಬೆನ್ನು, ಜಡೆ ಮಾತ್ರ ಕಾಣುತ್ತವೆ. ಗುಂಡಮ್ಮನಿಗೆ ಗುರುತು ಸಿಕ್ಕಿಲ್ಲ. ಅವತ್ತು ಬೆಳಗ್ಗೆ ಆ ಜಡೆ ಹೆಣೆದವಳು ನಾನು. ನಾನು ಹಗಲೆಲ್ಲ ನಿದ್ದೆ ಮಾಡುವಾಗ ಗುಂಡಮ್ಮನಿಗೆ ಉಣಿಸಿ, ತೂಗಿ, ಸೊಂಟದಿಂದ ಇಳಿಸದೆ ಸಾಕಿದವಳು ನೀನು. ಅವಳು ಯಾರೋ ಗೊತ್ತಿಲ್ಲದವರ ಹತ್ತಿರ ಹೋಗಲಿಲ್ಲ, ನಿನ್ನ ಹತ್ತಿರ ಬಂದಳು. ಅದು ಗೊತ್ತಿದ್ದೂ ನೀನು ನಿನ್ನ ಡಿಗ್ರಿಗೋಸ್ಕರ ಅಪರಿಚಿತಳಾದೆ. ಈ ಒಂದು ಮಾತು ಹೇಳಿದರೆ ಸಾಕು, ಅವಳ ಭಯ ಬಿಟ್ಟುಹೋಗುತ್ತದೆ, ಮದುವೆಯೂ ಆಗುತ್ತದೆ. ಎಷ್ಟೋ ಸಲ ಬಾಯಿ ತೆರೆದೆ, ಆಗಲಿಲ್ಲ ಕಣೇ. ಹೇಳಬೇಕಾದರೆ, ನನ್ನ ಮಗಳಿಗೆ ಮೊದಲು ಅಮ್ಮ ಆದವಳು ನೀನು ಅಂತ ನನ್ನ ಬಾಯಿಂದಲೇ ಹೇಳಬೇಕು.