ನೀರೇ ತಡವಾಗಿತ್ತು, ಅತ್ತೆ

ಅತ್ತೆಗೆ,

ಇವತ್ತು ಮಹಾಲಯ ಅಮಾವಾಸ್ಯೆ. ಕ್ಯಾಲೆಂಡರಿನಲ್ಲಿ ನೀವು ಮೊದಲು ನೋಡುತ್ತಿದ್ದುದು ತಿಥಿಯನ್ನು, ಆದ್ದರಿಂದ ಅದನ್ನೇ ಮೊದಲು ಬರೆದಿದ್ದೇನೆ. ನೀವು ಹೋಗಿ ಒಂದು ವರ್ಷ ನಾಲ್ಕು ತಿಂಗಳಾಯಿತು. ಬದುಕಿದ್ದಾಗ ನಿಮಗೆ ಒಂದು ಕಾಗದವನ್ನೂ ಬರೆದವಳಲ್ಲ ನಾನು. ಫೋನಿನಲ್ಲಿಯೂ ಊಟವಾಯಿತೇ, ಮಳೆ ಹಿಡಿಯಿತೇ ಎಂಬುದರ ಆಚೆ ನನಗೆ ಮಾತು ಬರುತ್ತಿರಲಿಲ್ಲ. ಈಗ ನಿಮಗೆ ಹೇಳಲೇಬೇಕಾದ ಒಂದು ಸುದ್ದಿಯಿದೆ. ಅದು ನಾವು ಕಟ್ಟೆಯ ಮೇಲೆ ಕೂತಿದ್ದ ಆ ಮಧ್ಯಾಹ್ನದ ಸುದ್ದಿ. ಅಲ್ಲಿಗೆ ಬರಲು ಸ್ವಲ್ಪ ಹಿಂದಿನಿಂದ ನಡೆದು ಬರಬೇಕು.

ಮದುವೆಯಾಗಿ ನಿಮ್ಮ ಅಳಿವೆಯ ಊರಿಗೆ ಬಂದ ಮೂರನೆಯ ಬೆಳಿಗ್ಗೆ ನೆನಪಿದೆಯೇ? ಹೊರಗೆ ಯಾರೋ “ನೀರು ಬಂತು, ನೀರು ಬಂತು” ಎಂದರು. ಮೈಸೂರಿನಲ್ಲಿ ದಿನ ಬಿಟ್ಟು ದಿನ ನಲ್ಲಿ ಕಾಯುತ್ತ ಬೆಳೆದವಳು ನಾನು. ಬಚ್ಚಲಿಂದ ಎರಡು ಬಕೆಟ್ಟು, ಒಂದು ಕೊಡ ಎತ್ತಿಕೊಂಡು ಓಡಿ ಬಂದೆ. ಅಂಗಳದಲ್ಲಿ ಬಲೆ ಬಿಡಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. ತೆಂಗಿನ ಸಾಲಿನಾಚೆ ಹೊಳೆ ಉಬ್ಬಿ ನಿಮ್ಮ ಮನೆಯ ಕೆಳಗಿನ ಮೆಟ್ಟಿಲಿಗೆ ಬಂದು ನಿಂತಿತ್ತು. ಎಲ್ಲರೂ ನಕ್ಕರು, ನೀವು ನಗಲಿಲ್ಲ. “ತುಂಬ್ಕಾ ತಂಗೀ, ಅಷ್ಟೂ ನಿಂದೇ. ಉಪ್ಪು ಮಾತ್ರ ನೀನೇ ತೆಗೀಬೇಕು” ಎಂದಿರಿ.

ಅದೇ ದಿನ ಇಳಿತವನ್ನೂ ತೋರಿಸಿದಿರಿ. ಸಂಜೆ ನಾಲ್ಕೂವರೆಯ ಹೊತ್ತಿಗೆ, ಬೆಳಿಗ್ಗೆ ಮೆಟ್ಟಿಲು ಮುಟ್ಟಿದ್ದ ಹೊಳೆ ಅಲ್ಲಿರಲೇ ಇಲ್ಲ. ದೋಣಿಗಳು ಮಗ್ಗುಲಾಗಿ ಕೆಸರಲ್ಲಿ ಮಲಗಿದ್ದವು. ಬುಟ್ಟಿ ಹಿಡಿದ ಹೆಂಗಸರು ಹೊಳೆಯ ನಡುಮಧ್ಯಕ್ಕೆ ನಡೆದುಕೊಂಡು ಹೋಗುತ್ತಿದ್ದರು. ಅಷ್ಟು ದೊಡ್ಡದೊಂದು ಎದ್ದು ಹೋಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೀವೆಲ್ಲ ಕುಕ್ಕರಗಾಲಲ್ಲಿ ಕೂತು ಕೆಸರಿಗೆ ಬೆರಳಿಳಿಸಿ ಬಳಚು ಹೆಕ್ಕಿದಿರಿ; ಚಿಪ್ಪುಗಳು ಬುಟ್ಟಿಗೆ ಬೀಳುವ ಸದ್ದೊಂದೇ. ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದ ನೀವು ಒಮ್ಮೆ ತಲೆಯೆತ್ತಿ “ಸಾಕು, ಏಳಿ” ಎಂದಿರಿ. ಹತ್ತು ಹನ್ನೆರಡು ಜನ ಒಂದು ಪ್ರಶ್ನೆಯನ್ನೂ ಕೇಳದೆ ಎದ್ದರು. ನಾವು ದಡ ಹತ್ತಿ ತಿರುಗಿ ನೋಡಿದಾಗ, ನಾವು ಕೂತಿದ್ದ ಜಾಗ ಮಿನುಗತೊಡಗಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಬೆರಳಿನ ಗೆಣ್ಣು ತೋರಿಸಿದಿರಿ. ಅಮಾವಾಸ್ಯೆ, ಹುಣ್ಣಿಮೆಗೆ ಹನ್ನೊಂದು ಗಂಟೆಗೆ ನೀರು ತುಂಬುತ್ತದೆ. ಆಮೇಲೆ ಒಂದೊಂದು ತಿಥಿಗೂ ಎರಡೆರಡು ಗಳಿಗೆ ಕೂಡಿಸುತ್ತ ಹೋಗಬೇಕು. ತುಂಬಿದ ನೀರು ಇಳಿಯಲಿಕ್ಕೆ ಆರು ಗಂಟೆ, ಮತ್ತೆ ಬರಲಿಕ್ಕೆ ಆರು. ಎರಡು ಗಳಿಗೆ ಎಂದರೆ ನಲವತ್ತೆಂಟು ನಿಮಿಷ ಎಂದು ನಾನು ಮನೆಗೆ ಹಿಂದಿರುಗಿದ ಮೇಲೆ ಲೆಕ್ಕ ಹಾಕಿದೆ. ಪುಸ್ತಕದಲ್ಲಿ ನೋಡಿದರೆ ಅಲ್ಲಿ ಐವತ್ತು ಎಂದಿತ್ತು. ಎರಡು ನಿಮಿಷದ ವ್ಯತ್ಯಾಸ, ಅತ್ತೆ. ಗಡಿಯಾರ ಕಟ್ಟದ ಕೈ ನಿಮ್ಮದು.

ನೀವು ಅಮೆರಿಕಕ್ಕೆ, ನಮ್ಮ ಸನ್ನಿವೇಲ್‌ಗೆ ಬಂದಾಗ ನಾನು ಹೆದರಿದ್ದೆ. ನಿಮ್ಮ ಮಗ ಬೆಳಿಗ್ಗೆ ಐದಕ್ಕೇ ಎದ್ದು ಓಕ್ಲ್ಯಾಂಡ್ ಬಂದರಿಗೆ, ಹಡಗು ಎಳೆಯುವ ಟಗ್ ದೋಣಿಗಳ ಎಂಜಿನ್ ರಿಪೇರಿಗೆ ಹೋಗಿಬಿಡುತ್ತಿದ್ದರು. ಮಗಳು ಇಳಾಗೆ ಆಗ ಒಂಬತ್ತು ವರ್ಷ, ಬೇಸಿಗೆ ರಜೆ. ನೀವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನೋ ಪುಸ್ತಕ ಹಿಡಿದು ಕೂರುವವಳು. ಅದೇನು ಓದುತ್ತೀ ಎಂದು ಒಮ್ಮೆ ಕೇಳಿದಿರಿ. ಬೇರೆ ದೇಶದ ಕಥೆ, ಅವರ ಭಾಷೆಯಿಂದ ಇಂಗ್ಲಿಷಿಗೆ ತಂದದ್ದು ಎಂದೆ. “ಹಂಗಾರೆ ಕಥೆ ದೋಣಿ ಬದಲ್ಸಿ ಬಂತು ಅನ್ನು” ಎಂದಿರಿ. ಈಗಲೂ ಅಂಥ ಪುಸ್ತಕದ ಮೊದಲ ಪುಟ ತೆರೆದಾಗಲೆಲ್ಲ ನನಗೆ ದೋಣಿ ಅಲುಗಿದ ಹಾಗಾಗುತ್ತದೆ.

ಮನೆಯಿಂದ ಹತ್ತು ನಿಮಿಷ ಕಾರಿನಲ್ಲಿ ಹೋದರೆ ಕೊಲ್ಲಿಯ ಅಂಚು ಎಂದು ಗೊತ್ತಾದ ದಿನ ನಿಮ್ಮ ಮುಖವೇ ಬೇರೆಯಾಯಿತು. ಆಫೀಸುಗಳ ಗಾಜಿನ ಕಟ್ಟಡಗಳು ಮುಗಿದು ಮಣ್ಣಿನ ಕಟ್ಟೆ ಶುರುವಾಗುವಲ್ಲಿ ನೀವು ಇಳಿದು, ಒಂದು ಹಿಡಿ ಮಣ್ಣೆತ್ತಿ ಮೂಸಿದಿರಿ. ಒಂದು ಕಡೆ ಕೆಸರು, ಕಾಲುವೆ, ಕೊಕ್ಕರೆ. ಇನ್ನೊಂದು ಕಡೆ ಕಟ್ಟೆ ಹಾಕಿ ತಡೆದ ಉಪ್ಪುನೀರು. “ಇದು ನಮ್ಮ ಗಜನಿಯೇ ಅಲ್ಲನೇ” ಎಂದಿರಿ. ಹೊಳೆಯ ಉಪ್ಪುನೀರಿಗೆ ಕಟ್ಟೆ ಕಟ್ಟಿ ನಿಮ್ಮೂರವರು ಭತ್ತ ಬೆಳೆಯುವ ಗದ್ದೆ. ಭೂಮಿಯ ಇನ್ನೊಂದು ಮಗ್ಗುಲಲ್ಲಿ ನೀವು ಮೊದಲ ಸಲ ಗುರುತು ಹಿಡಿದದ್ದು ನನ್ನ ಮನೆಯನ್ನಲ್ಲ, ಆ ಕೆಸರನ್ನು. ಅವತ್ತು ಬಹುಳ ಪಂಚಮಿ. ಬೆರಳು ಎಣಿಸಿ, ಮೂರು ಗಂಟೆಗೆ ಕಟ್ಟೆಯ ತುದಿಯವರೆಗೆ ನೀರು ಬರುತ್ತದೆ, ನೋಡುತ್ತಿರು ಎಂದು ಇಳಾಗೆ ಹೇಳಿದಿರಿ.

ಮೂರಾಯಿತು. ಕೆಸರು ಇನ್ನೂ ಬತ್ತಲೆಯಾಗಿಯೇ ಇತ್ತು. ಕಾಲುವೆಯ ನಡುವೆ ನೀರು ಸಣ್ಣಗೆ ಮೇಲೇರುತ್ತಿತ್ತಷ್ಟೆ. ಮೂರೂವರೆಯಾಯಿತು. ಇಳಾ ನನ್ನ ಕಡೆ ತಿರುಗಿ, “ಅಮ್ಮಾ, ದಿ ವಾಟರ್ ಈಸ್ ಲೇಟ್” ಎಂದಳು. ಏನಂದಳು ಎಂದು ನೀವು ಕೇಳಿದಿರಿ. ನೀರು ತಡವಾಯಿತಂತೆ ಎಂದೆ.

“ನೀರು ತಡ ಮಾಡೂದಿಲ್ಲ ಮಗಾ. ತಡ ಆಗೂದು ನಮಗೇ.”

ಆಗ ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದೊಂದೇ ಅಲ್ಲವೇ ನನಗೆ ಚೆನ್ನಾಗಿ ಬರುತ್ತಿದ್ದುದು? ಆದರೆ ತಪ್ಪು ಅಂಕಿ ಕಂಡರೆ ನನಗೆ ತಡೆಯಲಾಗುವುದಿಲ್ಲ. ಫೋನು ತೆಗೆದು ನೋಡಿ, ಇಲ್ಲಿ ತುಂಬುವುದು ಐದೂ ಮುಕ್ಕಾಲಿಗೆ ಎಂದು ಓದಿ ಹೇಳಿದೆ. ನೀವು ಮತ್ತೆ ಬೆರಳು ಎಣಿಸಿದಿರಿ. ಹುಣ್ಣಿಮೆಯಿಂದ ಶುರು ಮಾಡಿ ಐದು ಗೆಣ್ಣು. ಇನ್ನೊಮ್ಮೆ ಎಣಿಸಿದಿರಿ. ಆಮೇಲೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಬಿಟ್ಟಿರಿ. ಕಾರಿಗೆ ಹಿಂದಿರುಗುವಾಗ, ಇಳಾ ಮುಂದೆ ಹೋಗಲಿ ಎಂದು ಕಾದು, ನನ್ನ ಮೊಣಕೈ ಹಿಡಿದಿರಿ.

“ಅಂವಂಗೆ ಹೇಳ್ಬೇಡ ತಂಗಿ. ನನ್ನ ಅವ್ವಿಗೂ ಹೀಂಗೇ ಸುರುವಾದದ್ದು.”

ನಿಮ್ಮ ತಾಯಿ ಕೊನೆಗಾಲದಲ್ಲಿ ನೀರು ಬರುವ ಹೊತ್ತಿಗೆ ಬುಟ್ಟಿ ಹಿಡಿದು ಹೊಳೆಗೆ ಇಳಿಯುತ್ತಿದ್ದರು, ಅವರನ್ನು ಕಂಬಕ್ಕೆ ಕಟ್ಟಿ ಹಾಕಬೇಕಾಗುತ್ತಿತ್ತು ಎಂದು ನಿಮ್ಮ ಮಗ ಹಿಂದೆ ಹೇಳಿದ್ದರು. ಅವರಿಗೆ ಹೇಳುವುದಿಲ್ಲ ಅತ್ತೆ ಎಂದು ಮಾತು ಕೊಟ್ಟೆ. ಮಾತು ಉಳಿಸಿಕೊಂಡೆ. ಅದೇ ನನ್ನ…

ನೀವು ಊರಿಗೆ ಹಿಂದಿರುಗಿದ ಮೇಲೆ ನಾದಿನಿ ಮಾದೇವಿ ಫೋನು ಮಾಡಿದಾಗಲೆಲ್ಲ ಒಂದೇ ದೂರು. ಅಮ್ಮ ಹೊಳೆಗೆ ಇಳಿಯುತ್ತಿಲ್ಲ. ಇವತ್ತು ಎಷ್ಟೊತ್ತಿಗೆ ಇಳಿತ ಎಂದು ಹೆಂಗಸರು ಬಂದು ಕೇಳಿದರೆ, ನನಗೇನು ಗೊತ್ತು, ಮೊಬೈಲಲ್ಲಿ ನೋಡಿಕೊಳ್ಳಿ ಎನ್ನುತ್ತಾಳೆ. ಅಮೆರಿಕಕ್ಕೆ ಹೋಗಿ ಬಂದ ಮೇಲೆ ಅಮ್ಮನಿಗೆ ಜಂಬ ಬಂತು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದರಂತೆ. ಜಂಬವಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ಮೇ ತಿಂಗಳಲ್ಲಿ ಮೂರು ದಿನದ ಜ್ವರ, ಅಷ್ಟೆ. ನಿಮಗೆ ಮರೆವು ಬಂದಿರಲಿಲ್ಲ. ಕೊನೆಯ ದಿನವೂ ಹಿತ್ತಿಲ ಕೋಳಿ ಎಷ್ಟು ಮೊಟ್ಟೆ ಇಟ್ಟಿತ್ತು ಎಂಬುದನ್ನು ಸರಿಯಾಗಿ ಹೇಳಿದಿರಂತೆ. ಆದರೂ ನೀವು ಒಂಬತ್ತು ತಿಂಗಳು ಹೆದರುತ್ತಲೇ ಬದುಕಿದಿರಿ, ಅಲ್ಲವೇ?

ಮೊನ್ನೆ ಗುರುವಾರ ಬೆಳಿಗ್ಗೆ ಡಬ್ಬಿ ಕಟ್ಟುತ್ತಿದ್ದಾಗ ನಿಮ್ಮ ಮಗ ಕ್ಯಾಲೆಂಡರ್ ನೋಡಿ, ಶನಿವಾರ ಅಮಾವಾಸ್ಯೆ, ಅಮ್ಮನ ಲೆಕ್ಕದಲ್ಲಿ ಹನ್ನೊಂದಕ್ಕೆ ನೀರು, ಆ ಹೊತ್ತಿಗೇ ಎಡೆ ಇಡೋಣ ಎಂದರು. ಸತ್ತವರಿಗೆ ಕೊಟ್ಟ ಮಾತು ಎಲ್ಲಿಯವರೆಗೆ ನಡೆಯುತ್ತದೋ ನನಗೆ ತಿಳಿಯದು. ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದೇ ಎಲ್ಲವನ್ನೂ ಹೇಳಿಬಿಟ್ಟೆ. ಪಂಚಮಿ, ಮೂರು ಗಂಟೆ, ಐದೂ ಮುಕ್ಕಾಲು, ನೀವು ಕೈ ಸೆರಗಿಗೆ ಸೇರಿಸಿದ್ದು. ಅವರು ಮೊದಲು ನಕ್ಕರು. ನಗು ಅರ್ಧಕ್ಕೇ ನಿಂತಿತು.

“ಅಮ್ಮ ತಪ್ಪಲಿಲ್ಲ ಮಾರಾಯ್ತಿ. ಅಮ್ಮ ಹೇಳಿದ್ದು ಸಮುದ್ರದ ಹೊತ್ತು. ನೀವು ಕೂತದ್ದು ಕೊಲ್ಲಿಯ ಬಾಲದಲ್ಲಿ.”

ಕೊಲ್ಲಿ ಸಮುದ್ರಕ್ಕೆ ತೆರೆಯುವ ಗೋಲ್ಡನ್ ಗೇಟಿನ ಕಿರಿದಾದ ಬಾಯಲ್ಲಿ ನುಗ್ಗಿದ ಭರತದ ನೀರು, ಓಕ್ಲ್ಯಾಂಡ್ ದಾಟಿ, ಮೂರು ಸೇತುವೆಗಳ ಕೆಳಗೆ ಹಾದು, ನಮ್ಮ ಸನ್ನಿವೇಲ್‌ನ ಕಟ್ಟೆ ಮುಟ್ಟಬೇಕಾದರೆ, ಹೊರಗಿನ ಸಮುದ್ರ ತುಂಬಿ ಒಂದೂ ಮುಕ್ಕಾಲು ಗಂಟೆ ಕಳೆದಿರುತ್ತದೆ. ಟಗ್ ದೋಣಿಯವರಿಗೆ ಇದು ದಿನದ ಮಾತಂತೆ. ಉಳಿದ ಒಂದು ಗಂಟೆ? ಇಲ್ಲಿ ಬೇಸಿಗೆಯಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಇಟ್ಟುಕೊಳ್ಳುತ್ತಾರೆ. ಪ್ರತಿ ವರ್ಷ ಅಡುಗೆಮನೆಯ ಗಡಿಯಾರವನ್ನು ತಿರುಗಿಸುವವಳು ನಾನೇ, ಅತ್ತೆ. ನಿಮಗೆ ಅದನ್ನು ಹೇಳಲು ನನಗೇ ಹೊಳೆಯಲಿಲ್ಲ. ಅವತ್ತೇ ಹೇಳಬಾರದಿತ್ತಾ ಎಂದು ಅವರು ಒಂದೇ ಸಲ ಕೇಳಿ, ಡಬ್ಬಿ ಬಿಟ್ಟು ಹೋದರು. ಉತ್ತರ ಬಲ್ಲವರು ಮನೆಯಲ್ಲೇ ಇದ್ದರು. ಪ್ರಶ್ನೆ ಅವರ ಕಿವಿಗೆ ಬೀಳದಂತೆ ನೋಡಿಕೊಂಡವಳು ನಾನು.

ಇವತ್ತು ಎಡೆಯನ್ನು ಮನೆಯಲ್ಲಿ ಇಡಲಿಲ್ಲ. ಬಾಳೆಲೆಯಲ್ಲಿ ಕಟ್ಟಿಕೊಂಡು ಗುಡ್ಡ ದಾಟಿ ಹಾಫ್ ಮೂನ್ ಬೇಗೆ ಹೋದೆವು. ಅರ್ಧಚಂದ್ರನ ಹೆಸರಿನ ಊರು. ನಿಮಗೆ ಹೇಳಿದ್ದರೆ ಅಷ್ಟಮಿಯೇ ಎಂದು ಕೇಳುತ್ತಿದ್ದಿರಿ. ಅಲ್ಲಿ ಕೊಲ್ಲಿಯ ಬಾಯಿಲ್ಲ, ಸೇತುವೆಯಿಲ್ಲ, ಬಂದರಿನ ಕಲ್ಲುಗಳ ಆಚೆ ಬರೀ ಸಮುದ್ರ. ದೋಣಿ ಇಳಿಸುವ ಇಳಿಜಾರಿನಲ್ಲಿ ಇಳಾ ನೀರಿನ ಅಂಚಿಗೆ ಒಂದೊಂದೇ ಕಲ್ಲು ಇಡುತ್ತ ಹೋದಳು. ನೀರು ಕಲ್ಲನ್ನು ಮುಳುಗಿಸುವುದು, ಅವಳು ಮೇಲೆ ಇನ್ನೊಂದು ಇಡುವುದು. ಹನ್ನೊಂದೂವರೆ. ಹನ್ನೊಂದೂ ಮುಕ್ಕಾಲು. ಕೊನೆಯ ಕಲ್ಲು ಮುಳುಗಲಿಲ್ಲ. ನೀರು ಅದರ ಬುಡ ಮುಟ್ಟಿ ನಿಂತಿತು, ಇಡೀ ಸಮುದ್ರ ಉಸಿರು ಬಿಗಿಹಿಡಿದ ಹಾಗೆ. ಗಡಿಯಾರ ನೋಡಿದೆ. ಹನ್ನೆರಡಕ್ಕೆ ಎಂಟು ನಿಮಿಷ ಬಾಕಿ. ತಿರುಗಿಸಿಟ್ಟ ಒಂದು ಗಂಟೆ ಕಳೆದರೆ, ಹನ್ನೊಂದಕ್ಕೆ ಎಂಟು ನಿಮಿಷ.

ಕುಮಟಾದ ಆಚೆ ಬಸ್ಸಿನಲ್ಲಿ ಹೋಗಿದ್ದೇ ಕಡಿಮೆಯಾದ ನೀವು, ಒಂದು ಹೊಳೆಯ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಲಿತ ಲೆಕ್ಕ; ಅದು ಬೇರೆಯೇ ಸಾಗರದ, ಬೇರೆಯೇ ದಡದ, ನಿಮ್ಮನ್ನು ಕಂಡೇ ಇರದ ನೀರನ್ನು ನಿಮ್ಮ ಬೆರಳಿನ ಗೆಣ್ಣಿನ ಹತ್ತಿರ ತಂದು ನಿಲ್ಲಿಸಿತ್ತು. ಇಷ್ಟು ದೊಡ್ಡದನ್ನು ನೀವು ಅಷ್ಟು ಸಣ್ಣ ಜಾಗದಲ್ಲಿ ಇಟ್ಟುಕೊಂಡಿದ್ದಿರಾ? ನಿಮ್ಮ ಮಗ ಚಪ್ಪಲಿ ಬಿಟ್ಟು ನೀರಿಗಿಳಿದು ಎಡೆ ಬಿಟ್ಟರು. ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ, ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಆಗ ಇಳಾ, ಮನೆಯಲ್ಲಿ ಕನ್ನಡದ ಒಂದು ವಾಕ್ಯವನ್ನೂ ಪೂರ್ತಿ ಆಡದ ನಿಮ್ಮ ಮೊಮ್ಮಗಳು, ಆ ಎಲೆಯ ಕಡೆಗೆ ಮೆಲ್ಲಗೆ ಹೇಳಿದಳು.

“ಅಜ್ಜೀ, ನೀರು ಬಂತು.”

ಮಾದೇವಿಗೆ ಅಲ್ಲಿಂದಲೇ ಫೋನು ಮಾಡಿದೆ. ಅಲ್ಲಿ ಸರಿರಾತ್ರಿ ದಾಟಿತ್ತು, ಬೈದಳು, ಆಮೇಲೆ ಕೇಳಿಸಿಕೊಂಡಳು. ಬೆಳಗಾದೊಡನೆ ಹೊಳೆದಡದಲ್ಲಿ ಎಲ್ಲರಿಗೂ ಹೇಳುತ್ತಾಳಂತೆ, ಅಮ್ಮ ಅಲ್ಲಿಯೂ ತಪ್ಪಲಿಲ್ಲ ಎಂದು. ಅವತ್ತು ಕಟ್ಟೆಯ ಮೇಲೆ ಸರಿಯಾಗಿ ಹೇಳಿದವಳು ಇಳಾ. ನೀರೇ ತಡವಾಗಿತ್ತು, ಅತ್ತೆ.

ನಾಳೆ ಪಾಡ್ಯ. ಹನ್ನೊಂದಕ್ಕೆ ಎರಡು ಗಳಿಗೆ ಕೂಡಿಸಿ, ಕೊಲ್ಲಿಯ ದಾರಿ ಕೂಡಿಸಿ, ಗಡಿಯಾರದ ಗಂಟೆ ಕೂಡಿಸಿದ್ದೇನೆ. ಎರಡೂವರೆಗೆ ನಾನೂ ಇಳಾಳೂ ಆ ಕಟ್ಟೆಯ ಮೇಲೆ, ನೀವು ಕೂತ ಜಾಗದಲ್ಲೇ ಕೂತಿರುತ್ತೇವೆ. ಫೋನು ಮನೆಯಲ್ಲಿರುತ್ತದೆ. ನೀರು ಬಾರದಿದ್ದರೆ ತಪ್ಪು ನಾನು ಕೂಡಿಸಿದ್ದರಲ್ಲಿ. ನಿಮ್ಮ ಹನ್ನೊಂದರಲ್ಲಿ ಅಲ್ಲ.

ನಿಮ್ಮ ಸೊಸೆ