ಎರಡು ಕುರ್ಚಿಯ ವಿಮಾನ

ಮನೆ, ಊಟದ ಮೇಜಿನ ನಿನ್ನ ತುದಿ
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಕಂಟ್ರೋಲ್ ಟವರಿಗೆ,

ನಿನ್ನ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡೇ ಹತ್ತು. ಅಳಿಯ ನೋಡುತ್ತಾನೆಂದು ಬಿಗುಮಾನ ಬೇಡ, ಅವನ ಮಂಡಿಗೂ ಒಂದು ದಿನ ಮಾತು ಬರುತ್ತದೆ. ಬಾಣಂತಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳೆ ತಾನೆ? ಮೊಮ್ಮಗಳು ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಸೈರನ್ ಊದುತ್ತಾಳಂತೆ. ರಾತ್ರಿ ಪಾಳಿ ನಮ್ಮ ವಂಶದ ಕಸುಬು, ಸಹಿಸಿಕೊಳ್ಳಲಿ ಎಂದು ಅಳಿಯನಿಗೆ ಹೇಳು. ನಾನು ಚೆನ್ನಾಗಿದ್ದೇನೆ. ನನ್ನ ಅಡುಗೆಯನ್ನು ನಾನೇ ಬಡಿಸಿಕೊಂಡು, ನಾನೇ ಹೊಗಳಿ, ನಾನೇ ಅರ್ಧಕ್ಕೆ ಬಿಟ್ಟೇಳುತ್ತಿದ್ದೇನೆ. ದಿನಾ ಫೋನ್ ಮಾಡುವ ಮನುಷ್ಯ ಇವತ್ತು ಪೆನ್ನು ಯಾಕೆ ಹಿಡಿದ ಎಂದು ಈಗಾಗಲೇ ನಿನ್ನ ಹುಬ್ಬು ಮೇಲೇರಿರುತ್ತದೆ. ಫೋನಿನಲ್ಲಾದರೆ ಎರಡನೆಯ ಮಾತಿಗೇ ನಿನ್ನನ್ನು ನಗಿಸಿಬಿಡುತ್ತೇನೆ. ನೀನು ನಕ್ಕರೆ ನಾನು ಪಾರು. ಕಾಗದಕ್ಕೆ ನಗಲು ಬರುವುದಿಲ್ಲ, ಅದಕ್ಕೇ ಅದರ ಮುಂದೆ ಕೂತಿದ್ದೇನೆ.

ಹೋದ ಭಾನುವಾರ ನಮ್ಮ ಹಿರಿಯ ಪೈಲಟ್ ದೊಡ್ಡಣ್ಣನ ಮನೆಯಲ್ಲಿ ನಮ್ಮ ಕೂಟ ಇತ್ತಲ್ಲ, ಅಲ್ಲಿ ನಡೆದದ್ದನ್ನು ಹೇಳಬೇಕು. ನಮ್ಮ ಕೂಟವನ್ನು ನೀನು ‘ಮೀಸೆ ಬಂದ ಮಕ್ಕಳ ಆಟಿಕೆ ಅಂಗಡಿ’ ಅಂತ ಕರೆದವಳು, ಇರಲಿ. ವಾಯುಪಡೆಯಲ್ಲಿ ಏರಿ ಇಳಿಯುವುದನ್ನೇ ಕಸುಬು ಮಾಡಿಕೊಂಡಿದ್ದವರಿಗೆ ಇಳಿವಯಸ್ಸು ಸಲೀಸಾಗಿರಬೇಕಿತ್ತು. ಹಾಗಿಲ್ಲದ್ದರಿಂದ ಒಂದು ಕಾಲದಲ್ಲಿ ಹಾರಿಸಿದ ವಿಮಾನಗಳನ್ನು ಅಂಗೈ ಅಗಲದಲ್ಲಿ ಮತ್ತೆ ಕಟ್ಟಿ, ಕಪಾಟಿನಲ್ಲಿಟ್ಟು, ಕನ್ನಡಕ ಒರೆಸಿಕೊಂಡು ನೋಡುತ್ತೇವೆ. ಅಂಟಿನ ನಂಟು ಅಂಥದ್ದು. ಆದರೆ ಈ ಆಟಕ್ಕೂ ಕಟ್ಟುನಿಟ್ಟಿದೆ ಎಂಬುದು ನಿನಗೆ ಗೊತ್ತು. ಸ್ವಂತ ಕೈಯಲ್ಲಿ ಹಾರಿಸಿದ್ದನ್ನು ಬಿಟ್ಟು ಬೇರೆ ಯಾವುದೂ ಕಪಾಟಿಗೆ ಬರುವಂತಿಲ್ಲ. ಬಾಲದ ಮೇಲಿನ ನಂಬರು ನಿಜವಾದ ವಿಮಾನದ್ದೇ ಆಗಿರಬೇಕು. ಕೂತಿದ್ದ ಜಾಗದ ಕೆಳಗೆ, ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ, ಕೂತಿದ್ದವನ ಹೆಸರು. ಹೊಸದನ್ನು ತಂದವನು ಬಟ್ಟೆ ಮುಚ್ಚಿ ತರಬೇಕು, ಎಲ್ಲರೂ ಸೇರಿದ ಮೇಲೆ ತೆಗೆಯಬೇಕು. ನನ್ನ ಹೊಟ್ಟೆದಪ್ಪ ಸರಕು ವಿಮಾನದ ಬಟ್ಟೆ ತೆಗೆದ ದಿನ ಎಲ್ಲರೂ ಹಾರ್ನ್ ಹೊಡೆದು ನನಗೆ ‘ಲಾರಿ’ ಅಂತ ಹೆಸರಿಟ್ಟದ್ದು ನೀನು ಊರಿಗೆಲ್ಲ ಹಂಚಿದ ಸುದ್ದಿ.

ಗುಬ್ಬಿಯ ಕಪಾಟನ್ನು ನೀನೂ ನೋಡಿದ್ದೀಯ. ಯುದ್ಧವಿಮಾನ ಹಾರಿಸಿದವನು, ನಮ್ಮೆಲ್ಲರಿಗಿಂತ ಸಣ್ಣ ಆಳು, ನಮ್ಮೆಲ್ಲರಿಗಿಂತ ಅಚ್ಚುಕಟ್ಟು. ಆ ಕಪಾಟಿನ ನಡುವಿನ ಹಲಗೆಯಲ್ಲಿ ಒಂದು ಜಾಗ ಸದಾ ಖಾಲಿ. ಇಂಜಿನ್ನು ಕೈಕೊಟ್ಟು ಅವನು ಕುರ್ಚಿಸಮೇತ ಆಚೆ ಹಾರಿದನಲ್ಲ, ಆ ವಿಮಾನದ ಜಾಗ ಅದು. ಆ ಕಥೆಯನ್ನು ಅವನ ಬಾಯಿಂದ ಎಷ್ಟು ಸಲ ಕೇಳಿದ್ದೇವೆ! ಪ್ಯಾರಾಚೂಟು ಯಾವುದೋ ಹಿತ್ತಿಲಲ್ಲಿ ಇಳಿದು, ಅಜ್ಜಿಯೊಬ್ಬಳ ಬಟ್ಟೆ ಒಣಹಾಕುವ ಹಗ್ಗ ಹರಿದು, ಆಕೆ ಪೊರಕೆ ಹಿಡಿದು, “ಆಕಾಶದಲ್ಲಿ ಅಷ್ಟು ಜಾಗ ಇದೆ, ನಿನಗೆ ನನ್ನ ಹಗ್ಗಾನೇ ಬೇಕಿತ್ತೇನೋ?” ಅಂದದ್ದು. ಪ್ರತಿ ಸಲವೂ ಕಥೆ ಹಗ್ಗದಿಂದಲೇ ಶುರು, ಪೊರಕೆಯಿಂದಲೇ ಮುಕ್ತಾಯ. ಹಗ್ಗಕ್ಕಿಂತ ಮುಂಚೆ ಏನಾಯಿತು ಎಂದು ನಾನು ಒಂದು ದಿನವೂ ಕೇಳಲಿಲ್ಲ. ನಗು ಸಿಕ್ಕ ಮೇಲೆ ಅದರ ಹಿಂದೆ ಹೋಗುವ ಅಭ್ಯಾಸ ನನಗಿಲ್ಲ. ನೀನು ಹೊರಡುವ ದಿನ ಪೆಟ್ಟಿಗೆ ಮುಚ್ಚುತ್ತಾ, “ರೀ, ಗುಬ್ಬಿ ಹತ್ತಿರ ಆ ವಿಮಾನದ ಮಾತು ಮಾತ್ರ ಎತ್ತಬೇಡಿ, ಅಕ್ಕ ಒಂದು ಸಲ ಬೇರೆ ಥರ ಹೇಳಿದ್ರು” ಎಂದೆ. ಗುಬ್ಬಿಯ ಹೆಂಡತಿಯನ್ನು ನೀನು ಅಕ್ಕ ಅನ್ನುವುದು, ಅವರು ಹೇಳಿದ್ದಕ್ಕೆಲ್ಲ ಕಣ್ಣು ತುಂಬಿಕೊಳ್ಳುವುದು ನನಗೆ ಹಳೆಯ ತಮಾಷೆ. ಆಗಲೇ ನಾನು ಅದೇ ವಿಮಾನದ ಮಾದರಿ ಕಟ್ಟಿ, ರೆಕ್ಕೆಗೆ ಬಣ್ಣ ಹಚ್ಚಿ, ನಿನ್ನ ಹೊಲಿಗೆ ಯಂತ್ರದ ಹಿಂದೆ ಒಣಗಲು ಇಟ್ಟಿದ್ದೆ. ನಾನು ಹೂಂ ಅಂದೆ. ನಿನ್ನ ಮುಂದೆ ನಾನು ಅಂದ ಹೂಂಗಳಲ್ಲಿ ಅದರಷ್ಟು ಪೊಳ್ಳು ಇನ್ನೊಂದಿಲ್ಲ.

ಗುಬ್ಬಿಯ ಹುಟ್ಟುಹಬ್ಬಕ್ಕೆ ಕೊಡೋಣ, ಆ ಖಾಲಿ ಜಾಗ ತುಂಬೋಣ ಎಂಬುದು ನನ್ನ ಲೆಕ್ಕ. ವಿಮಾನ ಕಳೆದುಕೊಂಡ ನಾಚಿಕೆಗೆ ಅವನಾಗಿ ಕಟ್ಟುತ್ತಿಲ್ಲ, ಗೆಳೆಯ ಕಟ್ಟಿಕೊಟ್ಟರೆ ನಕ್ಕು ಒಪ್ಪುತ್ತಾನೆ ಎಂದುಕೊಂಡೆ. ಕಥೆಯಲ್ಲಿ ಅವನೇ ಹೇಳುತ್ತಿದ್ದ ನಂಬರು ಹಿಡಿದು ಹಳೆಯ ಫೋಟೋ ಹುಡುಕಿದೆ. ನೋಡಿದರೆ ಅದು ಒಂದರ ಹಿಂದೊಂದು ಎರಡು ಕುರ್ಚಿಯ ತರಬೇತಿ ವಿಮಾನ. ಮುಂದೆ ಕಲಿಯುವವನು, ಹಿಂದೆ ಕಲಿಸುವವನು. ಗುಬ್ಬಿ ಆಗ ಕಲಿಸುವವನು. ಇಬ್ಬರು ಕೂತಿದ್ದರು ಎಂದ ಮೇಲೆ ಇಬ್ಬರೂ ಹಾರಿದರು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿದೆ. ಗಾಜಿನ ಮುಚ್ಚಳ ತೆಗೆದಿಟ್ಟೆ. ಎರಡೂ ಕುರ್ಚಿಗಳನ್ನು ಕೂರಿಸದೆ ಬಿಟ್ಟೆ. ಕುರ್ಚಿ ಹೋದ ಮೇಲೆ ಒಳಗೆ ಉಳಿಯುವ ಕಂಬಿಗಳನ್ನೂ ಸೂಜಿ ಮೊನೆಯಿಂದ ಗೀರಿ ತೋರಿಸಿದೆ, ಅಷ್ಟು ಕರಾರುವಾಕ್ಕು! ನನ್ನ ಕೈಯಿಂದ ಅಷ್ಟು ಚೆನ್ನಾಗಿ ಇನ್ನೊಂದು ಬಂದಿಲ್ಲ. ಅದನ್ನು ಬರೆಯಲು ಈಗ ಕೈ ಹಿಂಜರಿಯುತ್ತಿದೆ.

ಭಾನುವಾರ ಎಲ್ಲರೂ ಬಂದರು. ನಾನು ಬಟ್ಟೆ ತೆಗೆದು ಭಾಷಣ ಬಿಗಿದೆ. “ಲೋಕದಲ್ಲಿ ಎಲ್ಲರೂ ಸತ್ತರೂ ಕುರ್ಚಿ ಬಿಡಲ್ಲ ಅಂತಾರೆ. ನಮ್ಮ ಗುಬ್ಬಿ ನೋಡಿ, ಕುರ್ಚಿ ಬಿಡಲಿಲ್ಲ, ವಿಮಾನಾನೇ ಬಿಟ್ಟ!” ಕೆಲವರು ನಕ್ಕರು. ಕಿಟಕಿಯ ಹತ್ತಿರ ಇದ್ದ ಇಬ್ಬರು ನಗಲಿಲ್ಲ, ದೊಡ್ಡಣ್ಣ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಅಷ್ಟು ವರ್ಷ ಕತ್ತಲಲ್ಲಿ, ಮೋಡದಲ್ಲಿ ದಾರಿ ಹುಡುಕಿದ ನನಗೆ ಆ ಕೋಣೆಯ ಹವಾಮಾನ ತಿಳಿಯಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡು ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ, ಇನ್ನೂ ಜೋರಾಗಿ. ಮೊದಲನೆಯದನ್ನು ತಿಳಿಯದೆ ಆಡಿದೆ ಅನ್ನಬಹುದು. ಈ ಎರಡನೆಯದು ಸ್ನಾನದ ಮನೆಯಲ್ಲಿ, ಹಾಲಿನ ಅಂಗಡಿಯ ಸಾಲಿನಲ್ಲಿ ಎಲ್ಲೆಂದರಲ್ಲಿ ಕಿವಿಯಲ್ಲಿ ಮೊಳಗುತ್ತದೆ, ನಿಂತಲ್ಲೇ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಗುಬ್ಬಿ ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ನೋಡಿದ. ತುಂಬ ಹೊತ್ತು ನೋಡಿದ. “ಎರಡೂ ಖಾಲಿ ಮಾಡಿದೀಯಲ್ಲೋ ಲಾರಿ,” ಅಂದ. ಬೈದದ್ದಲ್ಲ, ಕೊಟ್ಟ ಚಿಲ್ಲರೆ ಹೆಚ್ಚಾಗಿದೆ ಎಂದು ವಾಪಸು ತೋರಿಸುವವರ ದನಿ. ಆಮೇಲೆ “ಹಾಗೇ ಆಗಿದ್ದಿದ್ರೆ...” ಅಂದ. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾನು ಆಗಲೂ “ಏ, ಕೇಕು ತಿಂದು ಹೋಗೋ!” ಎಂದು ಕೂಗಿದೆ ಎಂಬುದನ್ನೂ ಬರೆದುಬಿಡುತ್ತೇನೆ.

ದೊಡ್ಡಣ್ಣ ನನ್ನನ್ನು ಗೇಟಿನ ತನಕ ಕರೆದುಕೊಂಡು ಹೋಗಿ ಹೇಳಿದ. ಆ ಕಾಲದ ವಿಮಾನದಲ್ಲಿ ಇಬ್ಬರೂ ಕುರ್ಚಿ ಹಾರಿಸುವ ತಮ್ಮ ತಮ್ಮ ಹಿಡಿಕೆ ತಾವೇ ಎಳೆಯಬೇಕು. ಹಿಂದಿನವನು ಮೊದಲು ಹೋಗಬೇಕು, ಇಲ್ಲದಿದ್ದರೆ ಮುಂದಿನ ಕುರ್ಚಿಯ ಉರಿ ಅವನ ಮುಖಕ್ಕೆ ಬಡಿಯುತ್ತದೆ. ಅದು ನಿಯಮ. ಗುಬ್ಬಿ “ಹಾರು” ಎಂದು ಕೂಗಿ, ನಿಯಮದ ಪ್ರಕಾರ ತಾನು ಮೊದಲು ಹಾರಿದ. ಮುಂದಿದ್ದ ಹುಡುಗ ಹಾರಲಿಲ್ಲ. ಕೇಳಿಸಿತೋ ಇಲ್ಲವೋ, ಕೈ ಆಡಿತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. “ತಪ್ಪು ಅವನದಲ್ಲ ಅಂತ ಎಲ್ಲರೂ ಹೇಳಿದ್ರು. ಅವನೊಬ್ಬ ಒಪ್ಪಲಿಲ್ಲ, ಅಷ್ಟೇ,” ಎಂದ ದೊಡ್ಡಣ್ಣ. ಆ ಅಜ್ಜಿ ಪೊರಕೆ ಹಿಡಿದದ್ದೂ ನಿಜವಂತೆ. ಆದರೆ ಆಚೆ ಹೊಲದಲ್ಲಿ ಏಳುತ್ತಿದ್ದ ಹೊಗೆ ನೋಡಿ ಅದನ್ನು ಕೆಳಗೆ ಹಾಕಿ, ಇವನ ತಲೆ ತನ್ನ ಮಡಿಲಿಗೆಳೆದುಕೊಂಡಳಂತೆ. ಗುಬ್ಬಿ ಕಥೆಯನ್ನು ಪೊರಕೆಗೇ ನಿಲ್ಲಿಸುತ್ತಿದ್ದದ್ದು ಯಾಕೆ ಎಂದು ಈಗ ತಿಳಿಯಿತು. ವಿಮಾನಕ್ಕೆ ಬಣ್ಣ ಹಚ್ಚಲು ಹೋದವನ ಬಣ್ಣ ಬಯಲಾಯಿತು ನೋಡು.

ಸೋಮವಾರ ಅವನ ಮನೆಗೆ ಹೋದೆ. ಅಂದರೆ ಅವನ ಬೀದಿಗೆ ಹೋದೆ. ಗೇಟಿನ ಅಗುಳಿಯ ಮೇಲೆ ಕೈಯಿಟ್ಟೆ. ಒಳಗೆ ರೇಡಿಯೋ ಹಾಡುತ್ತಿತ್ತು, ಅವನ ಕೆಮ್ಮು ಕೇಳಿಸಿತು. ಏನು ಹೇಳುವುದು ಎಂದು ಯೋಚಿಸಿದರೆ ನಾಲಿಗೆಗೆ ಮೊದಲು ಬಂದದ್ದು ಇನ್ನೊಂದು ಜೋಕು. ಹೆದರಿ ವಾಪಸಾದೆ. ಮಂಗಳವಾರ, ಬುಧವಾರ ಫೋನ್ ಮಾಡಿದೆ, ಎತ್ತಲಿಲ್ಲ. ನೀನಿದ್ದಿದ್ದರೆ ಇಷ್ಟು ಹೊತ್ತಿಗೆ ಅಕ್ಕನ ಅಡುಗೆಮನೆಯಲ್ಲಿ ಕೂತು, “ನಮ್ಮವರ ಬಾಯಿಗೆ ಬೀಗ ಇಲ್ಲ, ಮನಸ್ಸಲ್ಲಿ ಏನಿಲ್ಲ” ಎಂದು ಹೇಳಿ ಮುಗಿಸಿರುತ್ತಿದ್ದೆ. ನಿಮ್ಮಣ್ಣನ ಮದುವೆಯಿಂದ ಹಿಡಿದು ಪಕ್ಕದ ಮನೆಯ ಡಾಕ್ಟರ ಬೋಳುತಲೆಯವರೆಗೆ, ನಾನು ಆಡಿದ್ದನ್ನೆಲ್ಲ ಹಿಂದಿನಿಂದ ಬಂದು ಗುಡಿಸಿದವಳು ನೀನು. ಒಂದು ಉಪಕಾರ ಮಾಡು, ಕಾಗದ ತಲುಪಿದ ಕೂಡಲೇ ಅಕ್ಕನಿಗೆ ಒಂದು ಫೋನ್ ಹಾಕು. ನೀನು ಹೇಳಿದರೆ ಅವರು ನಂಬುತ್ತಾರೆ. ಗುಬ್ಬಿಗೆ ನೀನೆಂದರೆ ಗೌರವ, ಅತ್ತಿಗೆ ಎಂದು ಎದ್ದು ನಿಲ್ಲುತ್ತಾನೆ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮೊಮ್ಮಗಳ ಅಂಗಾಲಿಗೆ ತಾತನ ಮುತ್ತು. ಅವಳು ದೊಡ್ಡವಳಾಗಿ ನನ್ನ ಬಗ್ಗೆ ಕೇಳಿದರೆ, ತಮಾಷೆಯ ಮನುಷ್ಯ ಎನ್ನುವುದಕ್ಕೆ ಮುಂಚೆ ಒಂದು ಗಳಿಗೆ ಯೋಚಿಸು.

ತಲೆ ತಗ್ಗಿಸಿಕೊಂಡು,
ನಿನ್ನ ಲಾರಿ ಡ್ರೈವರ್

ತಾ. ಕ.: ಲಕೋಟೆ ಅಂಟಿಸುವ ಮುಂಚೆ ಮತ್ತೊಮ್ಮೆ ಓದಿದೆ. ಅಕ್ಕನಿಗೆ ದಯವಿಟ್ಟು ಫೋನ್ ಮಾಡಬೇಡ. ಇಷ್ಟುದ್ದ ಬರೆದದ್ದೆಲ್ಲ ನಿನ್ನನ್ನು ಮುಂದೆ ಕಳಿಸಿ ನಾನು ಹಿಂದೆ ನಿಲ್ಲುವುದಕ್ಕೇ ಎಂದು ಈಗ ಹೊಳೆಯಿತು. ಆ ಸಾಲುಗಳನ್ನು ಹೊಡೆದುಹಾಕುತ್ತಿಲ್ಲ, ನಾನು ಎಂಥವನೆಂದು ನಿನ್ನ ಹತ್ತಿರ ಇರಲಿ. ನಾನೇ ಹೋಗುತ್ತಿದ್ದೇನೆ. ಇದನ್ನು ಅಂಚೆ ಪೆಟ್ಟಿಗೆಗೆ ಹಾಕಿ ನೇರ ಗುಬ್ಬಿಯ ಮನೆಗೆ. ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ. ಒಂದು ವಿಷಯ. ಬಾಲದ ನಂಬರಿನ ಒಂದೊಂದು ಅಂಕಿಯನ್ನೂ ಭೂತಗನ್ನಡಿ ಹಿಡಿದು ಬರೆದೆ, ಹಿಂದಿನ ಕುರ್ಚಿಯ ಕೆಳಗೆ ಗುಬ್ಬಿಯ ಹೆಸರನ್ನೂ ಬರೆದೆ. ಮುಂದಿನ ಕುರ್ಚಿಯ ಕೆಳಗೆ ಏನೂ ಬರೆಯಲಿಲ್ಲ, ಬರೆಯಬೇಕೆಂದು ತೋಚಲೂ ಇಲ್ಲ. ಆ ಹುಡುಗನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ ಕಣೇ. ಅದನ್ನು ಕೇಳುವುದಕ್ಕೇ ಹೊರಟಿದ್ದೇನೆ.